ಓಡುತ್ತಲೇ ಆಫ್ ಆಗುವ ಕಾರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತೊಂದರೆಯವು. ಚೆನ್ನಾಗಿ ಓಡುತ್ತಿದ್ದ ಕಾರು ದಿಢೀರನೆ ಆಫ್ ಆಗುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗೇ ಇಲ್ಲ ಎಂಬಂತೆ ಸ್ಟಾರ್ಟ್ ಆಗುತ್ತದೆ, ಗ್ಯಾರೇಜಿಗೆ ಒಯ್ದರೆ ಅಲ್ಲಿ ದಿನವಿಡೀ ನಿಲ್ಲುವುದೇ ಇಲ್ಲ. ಹಾಗಾಗಿ ಪೂರ್ತಿ ಅಂಕಣವನ್ನು ಇದಕ್ಕೇ ಕೊಟ್ಟಿದ್ದೇವೆ. ಉಳಿದ ಪ್ರಶ್ನೆಗಳು ಮುಂದಿನ ಸಂಚಿಕೆಗೆ.

ಪ್ರಶ್ನೆ: ನಮ್ಮದು ಒಂಬತ್ತು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಊರೊಳಗೆ ಓಡಾಡುವಾಗ ತೊಂದರೆಯಿಲ್ಲ. ಶಿರಾಡಿ ಘಾಟಿ ಹತ್ತುವಾಗ, ಅದೂ ಒಂದು ಗಂಟೆ ಓಡಿಸಿದ ಮೇಲೆ, ಏಕಾಏಕಿ ಎಂಜಿನ್ ಬಂದ್ ಆಗುತ್ತದೆ. ಇಪ್ಪತ್ತು ನಿಮಿಷ ಬಾನೆಟ್ ಎತ್ತಿಟ್ಟು ಕಾದರೆ ಮತ್ತೆ ಸ್ಟಾರ್ಟ್. ಮೆಕ್ಯಾನಿಕ್ ಪ್ಲಗ್ಗು, ಫಿಲ್ಟರು ಎಲ್ಲ ಬದಲಿಸಿದ್ದಾರೆ. ಎಲ್ಲಿ ನೋಡಬೇಕು?
— ಪುತ್ತೂರಿನ ಓದುಗರು

ಉತ್ತರ: ಬಿಸಿಯಾದಾಗ ಮಾತ್ರ ನಿಲ್ಲುವುದು, ತಣಿದ ಮೇಲೆ ಸರಿಹೋಗುವುದು ಎಂದರೆ ಮೊದಲ ಅನುಮಾನ ಕ್ರ್ಯಾಂಕ್ ಪೊಸಿಷನ್ ಸೆನ್ಸರ್ ಮೇಲೆ. ಎಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕ್‌ಶಾಫ್ಟ್ ಎಷ್ಟು ವೇಗದಲ್ಲಿ, ಯಾವ ಕೋನದಲ್ಲಿ ತಿರುಗುತ್ತಿದೆ ಎಂದು ಇಸಿಎಂಗೆ, ಅಂದರೆ ಎಂಜಿನ್ನನ್ನು ನಡೆಸುವ ಕಂಪ್ಯೂಟರಿಗೆ, ಹೇಳುವುದು ಇದೇ. ಆ ಸುದ್ದಿ ನಿಂತರೆ ಇಸಿಎಂ ಎಂಜಿನ್ನೇ ನಿಂತಿತೆಂದು ತಿಳಿದು ಕಿಡಿಯನ್ನೂ ಇಂಜೆಕ್ಟರನ್ನೂ ಒಟ್ಟಿಗೆ ಕತ್ತರಿಸುತ್ತದೆ. ಸೆನ್ಸರ್ ಇರುವುದು ಫ್ಲೈವೀಲ್ ಅಥವಾ ಕ್ರ್ಯಾಂಕ್ ಪುಲ್ಲಿಯ ಹತ್ತಿರ, ಎಂಜಿನ್ನಿನ ಕಾವು ನೇರವಾಗಿ ತಟ್ಟುವ ಜಾಗದಲ್ಲಿ. ವರ್ಷಗಟ್ಟಲೆ ಹೀಗೆ ಬೆಂದ ಮೇಲೆ ಒಳಗಿನ ಕೂದಲೆಳೆಯಂಥ ತಂತಿ ಬಿಸಿಗೆ ಹಿಗ್ಗಿ ಬಿರುಕಿನಲ್ಲಿ ಬಾಯಿ ಬಿಡುತ್ತದೆ. ತಣಿದಾಗ ಮತ್ತೆ ಕೂಡಿಕೊಳ್ಳುತ್ತದೆ.

ಮುಂದಿನ ಸಲ ಹಾಗಾದಾಗ ಗೇರ್ ತೆಗೆಯುವ ಮುಂಚೆ ಆರ್‌ಪಿಎಂ ಮುಳ್ಳಿನ ಮೇಲೆ ಒಂದು ಕಣ್ಣಿಡಿ. ಗಾಡಿ ಇನ್ನೂ ಉರುಳುತ್ತ, ಗೇರಿನಲ್ಲಿದ್ದು, ಚಕ್ರಗಳು ಎಂಜಿನ್ನನ್ನು ತಿರುಗಿಸುತ್ತಿರುವಾಗಲೇ ಮುಳ್ಳು ಸೊನ್ನೆಗೆ ಬಿದ್ದರೆ ಸೆನ್ಸರಿನ ಸಿಗ್ನಲ್ ಹೋಗಿದೆ ಎಂದರ್ಥ. ಮುಳ್ಳು ವೇಗಕ್ಕೆ ತಕ್ಕಂತೆ ನಿಧಾನವಾಗಿ ಇಳಿದರೆ ಸಿಗ್ನಲ್ ಬರುತ್ತಿದೆ, ದೋಷ ಬೇರೆಡೆ. ನಿಂತ ಮೇಲೆ ಸೆಲ್ಫ್ ಹೊಡೆಯುತ್ತ ಸ್ಕ್ಯಾನರಿನಲ್ಲಿ ಆರ್‌ಪಿಎಂ ನೋಡಿದರೂ ಸಾಕು. 150ರಿಂದ 250 ತೋರಿಸಬೇಕು. ಸೊನ್ನೆಯೇ ಇದ್ದರೆ ಆರೋಪಿ ಸಿಕ್ಕ ಹಾಗೆ. ಬ್ಲೂಟೂತಿನ ಸಣ್ಣ ಸ್ಕ್ಯಾನರು, ಮೊಬೈಲ್ ಆ್ಯಪ್ ಇದಕ್ಕೆ ಧಾರಾಳ.

ಇನ್ನೊಂದು ಪರೀಕ್ಷೆ ರಸ್ತೆ ಬದಿಯಲ್ಲೇ ಆಗುತ್ತದೆ. ಸೆನ್ಸರ್ ಕೈಗೆ ಸಿಗುವ ಜಾಗದಲ್ಲಿದ್ದರೆ ಅದರ ಮೇಲೆ ಒದ್ದೆ ಬಟ್ಟೆ ಇಟ್ಟು ಎರಡು ಮೂರು ನಿಮಿಷ ಬಿಡಿ. ಎಂಜಿನ್ನಿನ ಉಳಿದ ಭಾಗ ಕುದಿಯುವಷ್ಟು ಬಿಸಿಯಿದ್ದೂ ಆಗ ಸ್ಟಾರ್ಟ್ ಆದರೆ ಬೇರೆ ಪುರಾವೆ ಬೇಡ. ಎಕ್ಸಾಸ್ಟ್ ಪೈಪಿಗೆ ಕೈ ತಾಗೀತು, ಜೋಪಾನ.

ಮಲ್ಟಿಮೀಟರಿನಲ್ಲಿ ಅಳೆಯುವುದಾದರೆ ಮೊದಲು ಸೆನ್ಸರಿಗೆ ಎಷ್ಟು ವೈರಿದೆ ನೋಡಿ. ಎರಡು ವೈರಿನದು ಸಾಮಾನ್ಯವಾಗಿ ಸುರುಳಿಯ ಜಾತಿ. ಹೆಚ್ಚಿನ ಕಾರುಗಳಲ್ಲಿ ಸುಮಾರು 500ರಿಂದ 1,500 ಓಮ್ ತೋರಿಸುತ್ತದೆ, ನಿಮ್ಮ ಮಾಡೆಲಿನ ನಿಖರ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ತಣ್ಣಗಿದ್ದಾಗ ಅಳೆದರೆ ಪ್ರಯೋಜನವಿಲ್ಲ, ಆಗ ಅದು ಸರಿಯಾಗೇ ಇರುತ್ತದೆ. ಕಳಚಿ, ಮೀಟರ್ ಹಚ್ಚಿಕೊಂಡು ಹೇರ್ ಡ್ರೈಯರಿನಿಂದ ಕಾಯಿಸಿ. ಮೀಟರಿನ ಅಂಕಿ ಏರುತ್ತ ಏರುತ್ತ ಒಮ್ಮೆಲೇ ಓಪನ್ (ತಂತಿ ತುಂಡು) ಎಂದು ತೋರಿಸಿದರೆ ಬದಲಿಸಿ. ಮೂರು ವೈರಿನದು ಬಹುತೇಕ ಒಳಗೆ ಎಲೆಕ್ಟ್ರಾನಿಕ್ ಚಿಪ್ ಇರುವ ಹಾಲ್ ಸೆನ್ಸರ್, ಅದನ್ನು ಓಮ್ ರೇಂಜಿನಲ್ಲಿ ಅಳೆಯಬೇಡಿ. ಅದಕ್ಕೆ 5 ಅಥವಾ 12 ವೋಲ್ಟ್ ಸಪ್ಲೈ, ಅರ್ತ್ (ಬ್ಯಾಟರಿ ಮೈನಸ್ಸಿಗೆ ಮರಳುವ ದಾರಿ), ಸಿಗ್ನಲ್ ಮೂರೂ ಇವೆಯೇ ಎಂದಷ್ಟೇ ನೋಡಬೇಕು.

ಹೊಸದನ್ನು ಹಾಕುವ ಮುಂಚೆ ಹಳೆಯದರ ತುದಿ ನೋಡಿ. ಅಯಸ್ಕಾಂತಕ್ಕೆ ಕಬ್ಬಿಣದ ಪುಡಿ ಗಡ್ಡದ ಹಾಗೆ ಅಂಟಿಕೊಂಡಿದ್ದರೂ ಸಿಗ್ನಲ್ ಕೆಡುತ್ತದೆ. ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಪ್ಲಗ್) ಒಳಗೆ ಆಯಿಲ್ ಇಳಿದಿದ್ದರೆ ಸೆನ್ಸರ್ ಬದಲಿಸಿ ಕೈ ತೊಳೆದುಕೊಂಡರೆ ಸಾಲದು, ಆಯಿಲ್ ಸೋರುವುದನ್ನೂ ನಿಲ್ಲಿಸಬೇಕು.

ಪ್ರಶ್ನೆ: ಗಾಡಿ ಓಡುವಾಗಲೇ ಆಫ್ ಆದರೆ ಬ್ರೇಕ್, ಸ್ಟೇರಿಂಗ್ ಕೆಲಸ ಮಾಡುತ್ತವೆಯೇ?
— ಶಿರಸಿಯ ಶಿಕ್ಷಕಿ

ಉತ್ತರ: ಮಾಡುತ್ತವೆ, ಆದರೆ ಹೆಚ್ಚು ಬಲ ಹಾಕಬೇಕು. ಬ್ರೇಕ್ ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಎರಡು ಮೂರು ಸಲ ತುಳಿಯುವಷ್ಟೇ. ಪಂಪ್ ಮಾಡಬೇಡಿ, ಒಮ್ಮೆ ತುಳಿದು ಹಿಡಿದುಕೊಳ್ಳಿ. ಸ್ಟೇರಿಂಗ್ ಗಟ್ಟಿಯಾಗುತ್ತದೆ, ಎರಡೂ ಕೈ ಬಳಸಿ. ನಾಲ್ಕೂ ಇಂಡಿಕೇಟರ್ ಹಾಕಿ, ನ್ಯೂಟ್ರಲ್ ಮಾಡಿ, ಉರುಳುವ ವೇಗದಲ್ಲೇ ಎಡಕ್ಕೆ ತನ್ನಿ. ಗಾಡಿ ಪೂರ್ತಿ ನಿಲ್ಲುವವರೆಗೆ ಕೀ ಹಿಂದಕ್ಕೆ ತಿರುಗಿಸಿ ಹೊರಗೆ ತೆಗೆಯಬಾರದು, ಸ್ಟೇರಿಂಗ್ ಲಾಕ್ ಬೀಳುತ್ತದೆ.

ಪ್ರಶ್ನೆ: ಯಾವ ಹೊತ್ತಿನಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಲೆಕ್ಕವೇ ಇಲ್ಲ. ಬೆಳಿಗ್ಗೆ ತಣ್ಣಗಿದ್ದಾಗಲೂ ನಿಂತಿದೆ, ಮಧ್ಯಾಹ್ನವೂ ನಿಂತಿದೆ. ಇಗ್ನಿಷನ್ ಕಾಯಿಲ್, ಕ್ರ್ಯಾಂಕ್ ಸೆನ್ಸರ್, ಥ್ರಾಟಲ್ ಬಾಡಿ ಮೂರೂ ಬದಲಾಯಿತು. ಸ್ಕ್ಯಾನ್ ಮಾಡಿದರೆ ದೋಷದ ಕೋಡ್ ಏನೂ ಇಲ್ಲ. ಈಗ ಇಸಿಎಂ ಬದಲಿಸೋಣ ಅನ್ನುತ್ತಿದ್ದಾರೆ. ಬದಲಿಸಲೇ?
— ಹುಬ್ಬಳ್ಳಿಯ ಓದುಗರು

ಉತ್ತರ: ಬೇಡ. ಇಂಥ ಕೇಸುಗಳಲ್ಲಿ ಇಸಿಎಂ ಕೆಟ್ಟಿರುವುದು ಅಪರೂಪ. ಅದಕ್ಕೆ ಬರುವ ಕರೆಂಟು ಕೆಟ್ಟಿರುವುದೇ ಹೆಚ್ಚು. ಕೋಡ್ ಇಲ್ಲ ಎಂಬುದೂ ಒಂದು ಸುಳಿವೇ. ಕ್ರ್ಯಾಂಕ್ ಸೆನ್ಸರ್ ತಪ್ಪಿದ್ದರೆ ಸಾಮಾನ್ಯವಾಗಿ ಪಿ 0335 ಬೀಳುತ್ತದೆ, ಪೆಟ್ರೋಲ್ ಪಂಪಿನ ಸರ್ಕ್ಯೂಟಾದರೆ ಪಿ 0230. ಆದರೆ ಇಸಿಎಂಗೇ ಕರೆಂಟು ತಪ್ಪಿದರೆ ಬರೆದಿಡುವವನೇ ಪ್ರಜ್ಞೆ ತಪ್ಪಿದಂತೆ, ಕೋಡ್ ಬರೆಯುವವರಾರು? ಹಾಗಾಗಿ ಕೋಡಿಲ್ಲದೆ ನಿಲ್ಲುವ ಗಾಡಿಯಲ್ಲಿ ಬ್ಯಾಟರಿ ಟರ್ಮಿನಲ್, ಅರ್ತ್, ಇಗ್ನಿಷನ್ ಸ್ವಿಚ್, ಮೇನ್ ರಿಲೇ (ಇಸಿಎಂಗೆ ಕರೆಂಟು ಕೊಡುವ ವಿದ್ಯುತ್ ಸ್ವಿಚ್) ಈ ದಾರಿಯನ್ನೇ ಮೊದಲು ಹಿಡಿಯಬೇಕು. ಕ್ರ್ಯಾಂಕ್ ಸೆನ್ಸರ್ ಕೆಲವೊಮ್ಮೆ ಕೋಡ್ ಬೀಳಿಸದೆಯೂ ಕೈ ಕೊಡುತ್ತದೆ ನಿಜ, ನೀವು ಅದನ್ನು ಆಗಲೇ ಬದಲಿಸಿದ್ದೀರಿ.

ನಿಂತ ಕ್ಷಣದಲ್ಲಿ ಎಲ್ಲರೂ ಮಾಡುವುದು ಒಂದೇ ಕೆಲಸ: ಗಾಬರಿಯಾಗಿ ಕೀ ಆಫ್ ಮಾಡಿ ಮತ್ತೆ ಸೆಲ್ಫ್ ಹೊಡೆಯುವುದು. ಸ್ಟಾರ್ಟ್ ಆಯಿತೋ, ಸಾಕ್ಷಿಯೆಲ್ಲ ಅಳಿಸಿಹೋಯಿತು. ಗಾಡಿಯನ್ನು ಬದಿಗೆ ತಂದ ಮೇಲೆ ಕೀ ಮುಟ್ಟದೆ ಮೀಟರ್ ಬೋರ್ಡ್ ನೋಡಿ. ಗಡಿಯಾರ, ಟ್ರಿಪ್ ಮೀಟರ್ ಸೊನ್ನೆಯಾಗಿದ್ದರೆ ಬ್ಯಾಟರಿಯ ಮೂಲ ಸಪ್ಲೈ ಕ್ಷಣಕಾಲ ತಪ್ಪಿದೆ, ಟರ್ಮಿನಲ್ ಅಥವಾ ದಪ್ಪ ಕೇಬಲ್ ನೋಡಿ. ಗಡಿಯಾರ ಸರಿಯಿದ್ದು ಮೀಟರ್ ಬೋರ್ಡ್ ಕತ್ತಲಾಗಿದ್ದರೆ ಇಗ್ನಿಷನ್ ಸ್ವಿಚ್ ಅಥವಾ ಅದರ ಫ್ಯೂಸು. ಬ್ಯಾಟರಿ ಲೈಟು, ಆಯಿಲ್ ಲೈಟು ಎಂದಿನಂತೆ ಉರಿಯುತ್ತಿದ್ದರೆ ಸ್ವಿಚ್ಚಿನವರೆಗೆ ಸರಿಯಿದೆ, ಮುಂದಿನ ಮೇನ್ ರಿಲೇ, ಪಂಪ್, ಸೆನ್ಸರ್ ನೋಡಬೇಕು. ಕೀಲಿ ಚಿತ್ರದ ಲೈಟು ಮಿಣುಕುತ್ತಿದ್ದರೆ ಕಳ್ಳತನ ತಡೆಯುವ ಇಮ್ಮೊಬಿಲೈಸರ್. ಆದರೆ ಅದು ಓಡುವ ಎಂಜಿನ್ನನ್ನು ನಿಲ್ಲಿಸುವುದು ಕಡಿಮೆ, ಸ್ಟಾರ್ಟ್ ಆದ ಒಂದೆರಡು ಸೆಕೆಂಡಿಗೆ ಆಫ್ ಮಾಡುವುದೇ ಅದರ ರೀತಿ.

ಇನ್ನು ಅಳತೆಗೆ ಬನ್ನಿ. ಮಲ್ಟಿಮೀಟರಿನಲ್ಲಿ ಬೀಪ್ ಬಂತು, ವೈರ್ ಸರಿಯಿದೆ ಎನ್ನುವ ಮಾತಿಗೆ ಬೆಲೆ ಕೊಡಬೇಡಿ. ಮೀಟರ್ ಹರಿಸುವ ಕರೆಂಟು ತೀರಾ ಅತ್ಯಲ್ಪ. ಮೂವತ್ತು ಎಳೆಗಳಲ್ಲಿ ಇಪ್ಪತ್ತೊಂಬತ್ತು ತುಂಡಾಗಿ ಒಂದೇ ಉಳಿದಿದ್ದರೂ ಬೀಪ್ ಬರುತ್ತದೆ, 12 ವೋಲ್ಟೂ ತೋರಿಸುತ್ತದೆ. ನಿಜವಾದ ಭಾರ ಬಿದ್ದಾಗ ಮಾತ್ರ ಬಣ್ಣ ಬಯಲಾಗುತ್ತದೆ. ಅದಕ್ಕೆ 21 ವ್ಯಾಟಿನ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಬೆಸೆದ ಟೆಸ್ಟ್ ಲ್ಯಾಂಪ್ ಇಟ್ಟುಕೊಳ್ಳಿ. ಸುಮಾರು 1.75 ಆಂಪಿಯರ್ ಎಳೆಯುತ್ತದೆ. ರಿಲೇ, ಪಂಪ್, ಕಾಯಿಲ್‌ಗಳ ಸಪ್ಲೈ ವೈರಿಗೆ ಮತ್ತು ಅರ್ತಿಗೆ ಮಾತ್ರ ಇದನ್ನು ಹಚ್ಚಿ. ಇಸಿಎಂನಿಂದ ಬರುವ ಸೆನ್ಸರ್ ವೈರಿಗೆ ಯಾವ ಕಾರಣಕ್ಕೂ ಬೇಡ, ಆ ಭಾರಕ್ಕೆ ಒಳಗಿನ ಸರ್ಕ್ಯೂಟ್ ಸುಡುತ್ತದೆ. ಹಳದಿ ತೋಳಿನ ವೈರುಗಳು ಏರ್‌ಬ್ಯಾಗಿನವು, ಅವನ್ನು ಮುಟ್ಟಲೇಬಾರದು.

ಅರ್ತ್ ಅಳೆಯುವ ಕ್ರಮ ಹೀಗೆ. ಎಂಜಿನ್ ಓಡಿಸಿ, ಹೆಡ್‌ಲೈಟ್, ಎಸಿ, ಹಿಂದಿನ ಗಾಜಿನ ಹೀಟರ್ ಇದ್ದರೆ ಅದನ್ನೂ ಹಾಕಿ. ಮೀಟರ್ ಡಿಸಿ 2 ವೋಲ್ಟ್ ರೇಂಜಿನಲ್ಲಿರಲಿ. ಕಪ್ಪು ತುದಿ ಬ್ಯಾಟರಿಯ ಮೈನಸ್ ಕಂಬದ ನೆತ್ತಿಗೆ; ಕ್ಲ್ಯಾಂಪಿಗಲ್ಲ, ಸೀಸದ ಕಂಬಕ್ಕೇ. ಕೆಂಪು ತುದಿ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. 0.1 ವೋಲ್ಟಿನ ಒಳಗಿದ್ದರೆ ಒಳ್ಳೆಯದು. 0.3 ದಾಟಿದರೆ ಗೇರ್‌ಬಾಕ್ಸಿನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿ ಬಿಚ್ಚಿ, ಎರಡೂ ತುದಿಯನ್ನು ಲೋಹ ಹೊಳೆಯುವವರೆಗೆ ಉಜ್ಜಿ ಬಿಗಿ ಮಾಡಿ. ಬಾಡಿಗೂ, ಇಸಿಎಂನ ಅರ್ತ್ ಬೋಲ್ಟಿಗೂ ಇದೇ ಅಳತೆ. ಪ್ಲಸ್ ಕಡೆ ಬ್ಯಾಟರಿ ಕಂಬದಿಂದ ಫ್ಯೂಸ್ ಬಾಕ್ಸಿನ ಒಳಬರುವ ಬೋಲ್ಟಿಗೆ 0.2 ವೋಲ್ಟಿಗಿಂತ ಹೆಚ್ಚು ಕಳೆಯಬಾರದು.

ಅಳತೆಯಲ್ಲಿ ಎಲ್ಲ ಸರಿಯಿದ್ದರೆ ಐಡಲಿನಲ್ಲಿ ಬಿಟ್ಟು ಕೆಣಕಿ ನೋಡಿ. ಒಂದೊಂದೇ ಕಪ್ಲರನ್ನು ಮೆಲ್ಲಗೆ ಎಳೆದು ಅಲುಗಾಡಿಸಿ, ರಿಲೇಗಳನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ, ಹೇರ್ ಡ್ರೈಯರಿನಿಂದ ಕಾಯಿಸಿ. ಒಂದು ಬಾರಿಗೆ ಒಂದನ್ನೇ. ಎರಡನ್ನು ಒಟ್ಟಿಗೆ ಕೆಣಕಿದರೆ ಯಾವುದರಿಂದ ನಿಂತಿತು ಎಂದು ಹೇಳಲಾಗದು. ರಿಲೇ ಒಳಗಿನ ಬೆಸುಗೆ ಸೀಳುವುದು ಬಹಳ ಹಳೆಯ ರೋಗ. 1980, 90ರ ದಶಕಗಳ ಹೋಂಡಾ ಸಿವಿಕ್, ಅಕಾರ್ಡ್ ಕಾರುಗಳ ಮೇನ್ ರಿಲೇ ಇದಕ್ಕೆ ಹೆಸರುವಾಸಿ: ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಡ್ಯಾಶ್‌ಬೋರ್ಡಿನ ಅಡಿಯ ಆ ರಿಲೇ ಕಾದು, ಬೆಸುಗೆ ಬಿಟ್ಟು, ಪಂಪಿಗೆ ಕರೆಂಟೇ ಹೋಗುತ್ತಿರಲಿಲ್ಲ. ಬಿಚ್ಚಿ ಮತ್ತೆ ಬೆಸೆದರೆ ಸರಿಹೋಗುತ್ತಿತ್ತು.

ಕಪ್ಲರ್ ಕಳಚಿದಾಗ ಹೆಣ್ಣು ಪಿನ್ನುಗಳ ಬಿಗಿ ನೋಡಿ. ಅದೇ ಅಳತೆಯ ಬಿಡಿ ಗಂಡು ಪಿನ್ನೊಂದನ್ನು ತೂರಿಸಿದರೆ ತುಸು ಹಿಡಿದು ಬಿಡಬೇಕು, ಸಡಿಲವಾಗಿ ಜಾರಬಾರದು. ಮೀಟರಿನ ದಪ್ಪ ಮೊನೆಯನ್ನು ಹೆಣ್ಣು ಪಿನ್ನಿಗೆ ಚುಚ್ಚಿ ಅಗಲ ಮಾಡಿ ಹೊಸ ರೋಗ ಅಂಟಿಸುವವರು ಗ್ಯಾರೇಜುಗಳಲ್ಲಿ ಕಡಿಮೆಯಿಲ್ಲ. ಅಳೆಯಲೇಬೇಕಿದ್ದರೆ ಕಪ್ಲರಿನ ಹಿಂಬದಿಯಿಂದ, ವೈರಿನ ಪಕ್ಕದಲ್ಲಿ ತೆಳು ಸೂಜಿ ತೂರಿಸಿ. ವೈರಿನ ಹೊರಪದರಕ್ಕೆ ಚುಚ್ಚಬೇಡಿ, ಆ ತೂತಿನಿಂದ ನೀರಿಳಿದು ಒಳಗಿನ ತಾಮ್ರ ಹಸಿರುಗಟ್ಟುತ್ತದೆ.

ಇಷ್ಟರಲ್ಲೂ ಸಿಕ್ಕದಿದ್ದರೆ ಗಾಡಿಗೆ ಕಾವಲು ಹಾಕಿ. 12 ವೋಲ್ಟಿನ ಸಣ್ಣ ಎಲ್‌ಇಡಿ ಇಂಡಿಕೇಟರ್ ದೀಪಗಳು ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ, ಬೇರೆ ಊರುಗಳ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತವೆ. ಮೂರು ತನ್ನಿ. ಒಂದನ್ನು ಇಗ್ನಿಷನ್ ಸ್ವಿಚ್ಚಿನಿಂದ ಹೊರಡುವ ವೈರಿಗೆ, ಎರಡನೆಯದನ್ನು ಮೇನ್ ರಿಲೇಯ 87ನೇ ಪಿನ್ನಿಗೆ (ರಿಲೇಯಿಂದ ಕರೆಂಟು ಹೊರಡುವ ಪಿನ್), ಮೂರನೆಯದನ್ನು ಫ್ಯೂಯಲ್ ಪಂಪ್ ರಿಲೇಯ 87ನೇ ಪಿನ್ನಿಗೆ ಜೋಡಿಸಿ. ಪ್ರತಿಯೊಂದರ ಬುಡದಲ್ಲೂ 1 ಆಂಪಿಯರ್ ಫ್ಯೂಸ್ ಇರಲೇಬೇಕು. ದೀಪಗಳನ್ನು ಡ್ಯಾಶ್‌ಬೋರ್ಡಿನ ಮೇಲೆ ಕಣ್ಣಿಗೆ ಬೀಳುವಂತೆ ಅಂಟಿಸಿ ಎಂದಿನಂತೆ ಓಡಾಡಿ. ನಿಂತಾಗ ಮೂರೂ ಆರಿದ್ದರೆ ಸ್ವಿಚ್ ಅಥವಾ ಅದಕ್ಕೂ ಹಿಂದೆ. ಮೊದಲನೆಯದು ಉರಿದು ಎರಡನೆಯದು ಆರಿದ್ದರೆ ಮೇನ್ ರಿಲೇ, ಅದರ ಬೇಸು. ಮೂರನೆಯದರ ವಿಷಯದಲ್ಲಿ ಮಾತ್ರ ಯಾವುದು ಮೊದಲು ಎಂದು ಗಮನಿಸಬೇಕು. ದೀಪ ಆರಿದ ಮೇಲೆ ಎಂಜಿನ್ ಮುಗ್ಗರಿಸುತ್ತ ಸತ್ತರೆ ಪಂಪ್ ರಿಲೇ ಕಡೆ ದೋಷ, ಏಕೆಂದರೆ ಪೈಪಿನಲ್ಲಿ ಉಳಿದ ಒತ್ತಡದಲ್ಲಿ ಸ್ವಲ್ಪ ದೂರ ಓಡುತ್ತದೆ. ಎಂಜಿನ್ ಮೊದಲು ಸತ್ತು ಒಂದೆರಡು ಸೆಕೆಂಡಿನ ಮೇಲೆ ದೀಪ ಆರಿದರೆ ಅದು ಕ್ರ್ಯಾಂಕ್ ಸಿಗ್ನಲ್ ಸಿಗದೆ ಇಸಿಎಂ ತಾನೇ ಪಂಪ್ ನಿಲ್ಲಿಸಿದ್ದು. ಸೆನ್ಸರ್ ಹೊಸದಾದರೂ ಅದರ ಕಪ್ಲರ್, ವೈರು ಹಳೆಯವೇ ತಾನೆ?

ಪ್ರಶ್ನೆ: ಹಂಪು, ಗುಂಡಿ ಹಾರಿದಾಗ ಒಮ್ಮೊಮ್ಮೆ ಎಂಜಿನ್ ಕಟ್ ಆಗಿ ಅರೆಕ್ಷಣದಲ್ಲಿ ತಾನೇ ಹಿಡಿದುಕೊಳ್ಳುತ್ತದೆ, ಒಮ್ಮೊಮ್ಮೆ ಪೂರ್ತಿ ನಿಲ್ಲುತ್ತದೆ. ಆಗ ಮೀಟರ್ ಬೋರ್ಡಿನ ಲೈಟೂ ಆರುತ್ತದೆ.
— ಮಂಡ್ಯದ ಓದುಗರು

ಉತ್ತರ: ಎರಡೇ ಜಾಗ. ಬ್ಯಾಟರಿ ಕ್ಲ್ಯಾಂಪನ್ನು ಕೈಯಲ್ಲಿ ಹಿಡಿದು ತಿರುಚಿ. ಸ್ವಲ್ಪವೂ ತಿರುಗಬಾರದು. ತಿರುಗಿದರೆ ಬಿಚ್ಚಿ (ಮೊದಲು ಮೈನಸ್ ಬಿಚ್ಚಬೇಕು, ಜೋಡಿಸುವಾಗ ಮೈನಸ್ ಕೊನೆಗೆ), ಬಿಳಿ ಹಸಿರು ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಒಣಗಿಸಿ, ಉಜ್ಜಿ ಬಿಗಿ ಮಾಡಿ. ಬೋಲ್ಟ್ ಪೂರ್ತಿ ಬಿಗಿದರೂ ಸಡಿಲವಾದರೆ ಕ್ಲ್ಯಾಂಪೇ ಹಿಗ್ಗಿದೆ, ಬದಲಿಸಿ. ಸಂದಿಗೆ ಮೊಳೆ, ತಗಡು ತುರುಕುವ ಪದ್ಧತಿ ಬಿಡಿ.

ಅಲ್ಲಿ ಸರಿಯಿದ್ದರೆ ಇಗ್ನಿಷನ್ ಸ್ವಿಚ್. ಗಾಡಿ ನಿಲ್ಲಿಸಿ, ನ್ಯೂಟ್ರಲಿನಲ್ಲಿ ಐಡಲ್ ಬಿಟ್ಟು, ಕೀಯನ್ನು ತಿರುಗಿಸದೆ ಮೇಲೆ ಕೆಳಗೆ, ಒಳಗೆ ಹೊರಗೆ ಅಲ್ಲಾಡಿಸಿ. ಲೈಟ್ ಮಿಣುಕಿದರೆ, ಎಂಜಿನ್ ಕೆಮ್ಮಿದರೆ ಅದೇ. ಕೀ ತೂರುವ ಲಾಕ್ ಬೇರೆ, ಅದರ ಹಿಂದಿನ ಎಲೆಕ್ಟ್ರಿಕ್ ಸ್ವಿಚ್ ಬೇರೆ. ಹಲವು ಕಾರುಗಳಲ್ಲಿ ಹಿಂದಿನ ಭಾಗವೊಂದನ್ನೇ ಬದಲಿಸಬಹುದು, ಕೀ ಸೆಟ್ ಪೂರ್ತಿ ಬೇಕಾಗಿಲ್ಲ. ಅಂಗಡಿಯಲ್ಲಿ ಕೇಳಿ ನೋಡಿ.

ಮನೆ, ಬೀರು, ಗೋಡೌನಿನ ಕೀಲಿಗಳನ್ನೆಲ್ಲ ಕಾರಿನ ಕೀಗೆ ನೇತುಹಾಕುವ ಅಭ್ಯಾಸವಿದ್ದರೆ ಇಂದೇ ಬಿಡಿಸಿ. 2014ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಂಪನಿ ಶೆವ್ರೊಲೆ ಕೊಬಾಲ್ಟ್ ಮೊದಲಾದ ಸುಮಾರು 26 ಲಕ್ಷ ಕಾರುಗಳನ್ನು ಇಗ್ನಿಷನ್ ಸ್ವಿಚ್ ದೋಷಕ್ಕಾಗಿ ವಾಪಸ್ ಕರೆಸಬೇಕಾಯಿತು. ಸ್ವಿಚ್ಚಿನ ಒಳಗಿನ ಸ್ಪ್ರಿಂಗ್ ಬಲ ಸಾಲದೆ, ಭಾರದ ಕೀಗೊಂಚಲು ಜೋಲಿದರೆ ಅಥವಾ ಗಾಡಿ ಕುಲುಕಿದರೆ ಕೀ ತಾನಾಗಿ ಹಿಂದಕ್ಕೆ ತಿರುಗಿ ಎಂಜಿನ್ ನಿಲ್ಲುತ್ತಿತ್ತು. ಜೊತೆಗೆ ಏರ್‌ಬ್ಯಾಗೂ ಬಿಚ್ಚಿಕೊಳ್ಳುತ್ತಿರಲಿಲ್ಲ. 124 ಸಾವುಗಳಿಗೆ ಪರಿಹಾರ ಕೊಡಲಾಯಿತು.

ಹಳೆಯ ಫೋರ್ಡ್, ಫಿಯಾಟ್ ಕಾರುಗಳಿದ್ದವರಿಗೆ ಒಂದು ಮಾತು: ಅಪಘಾತದಲ್ಲಿ ಪೆಟ್ರೋಲ್ ನಿಲ್ಲಿಸಲು ಅವುಗಳಲ್ಲಿ ಇನರ್ಷಿಯಾ ಸ್ವಿಚ್ ಇರುತ್ತದೆ. ದೊಡ್ಡ ಗುಂಡಿಗೂ ಅದು ಹಾರಬಹುದು. ಸ್ವಿಚ್ಚಿನ ಮೇಲಿನ ಬಟನ್ ಒತ್ತಿದರೆ ಮತ್ತೆ ಕೂರುತ್ತದೆ. ಒತ್ತುವ ಮುಂಚೆ ಪೆಟ್ರೋಲ್ ವಾಸನೆ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಆದರೆ ಅದು ಹಾರಿದರೆ ಮೀಟರ್ ಬೋರ್ಡ್ ಆರುವುದಿಲ್ಲ. ಹಾಗಾಗಿ ನಿಮ್ಮ ಗಾಡಿಯದು ಅದಲ್ಲ.

ಪ್ರಶ್ನೆ: ಫ್ಯೂಯಲ್ ಪಂಪ್ ಬದಲಿಸಿ ಆರು ತಿಂಗಳಾಗಿಲ್ಲ, ಮತ್ತೆ ಅದೇ ಕಥೆ. ನಿಂತಾಗ ಟ್ಯಾಂಕಿನ ಕೆಳಗೆ ಗುದ್ದಿದರೆ ಸ್ಟಾರ್ಟ್ ಆಗುತ್ತದೆ. ಕಂಪನಿ ಪಂಪ್ ಹಾಕಿದರೂ ಹೀಗೇಕೆ?
— ದಾವಣಗೆರೆಯ ಓದುಗರು

ಉತ್ತರ: ಗುದ್ದಿದಾಗ ಹೊರಡುವುದು ಪಂಪಿನ ಮೋಟರಿನದೇ ಲಕ್ಷಣ. ಕಾರ್ಬನ್ ಬ್ರಷ್ ಕಮ್ಯುಟೇಟರಿನ ಸವೆದ ಜಾಗದಲ್ಲಿ ನಿಂತರೆ ಕರೆಂಟು ಹಾಯುವುದಿಲ್ಲ, ಏಟು ಬಿದ್ದಾಗ ತುಸು ಸರಿದು ಹಾಯುತ್ತದೆ. ಆದರೆ ಪಂಪಿನ ತಲೆಯ ಕಪ್ಲರ್ ಸಡಿಲವಿದ್ದರೂ ಗುದ್ದು ಕೆಲಸ ಮಾಡುತ್ತದೆ ಎಂಬುದನ್ನು ಮರೆಯಬೇಡಿ. ಆರೇ ತಿಂಗಳಲ್ಲಿ ಮರುಕಳಿಸಿದ್ದರಿಂದ ನಮಗೆ ಕಪ್ಲರಿನ ಮೇಲೇ ಅನುಮಾನ. ಹಿಂದಿನ ಸೀಟ್ ಎತ್ತಿ ಮುಚ್ಚಳ ತೆಗೆದು ನೋಡಿ. ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದಾಗಿದ್ದರೆ, ಕರಗಿದ್ದರೆ, ಕಾರಿನ ಕಡೆಯ ಕಪ್ಲರನ್ನೂ ಬದಲಿಸಬೇಕು. ಸುಟ್ಟ ಹಳೆಯ ಪಿನ್ನು ಹೊಸ ಪಂಪಿನ ಪಿನ್ನನ್ನೂ ಸುಡುತ್ತದೆ.

ಎಂಜಿನ್ ಓಡುವಾಗ ಪಂಪಿನ ಕಪ್ಲರಿನಲ್ಲಿ ಪ್ಲಸ್, ಮೈನಸ್ ನಡುವೆ ಅಳೆದ ವೋಲ್ಟೇಜು ಬ್ಯಾಟರಿಯದಕ್ಕಿಂತ ಅರ್ಧ ವೋಲ್ಟಿಗೂ ಮೀರಿ ಇಳಿದಿರಬಾರದು. ಬ್ಯಾಟರಿಯಲ್ಲಿ 14 ಇದ್ದು ಇಲ್ಲಿ 11 ಬಂದರೆ ಪಂಪ್ ಬಡವಾಗುತ್ತದೆ, ರೋಗ ವೈರಿನದು. ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಇದ್ದರೆ ಕರೆಂಟೂ ನೋಡಿ: ಸಾಮಾನ್ಯ ಹ್ಯಾಚ್‌ಬ್ಯಾಕಿನ ಪಂಪ್ ಸುಮಾರು 4ರಿಂದ 7 ಆಂಪಿಯರ್ ಎಳೆಯುತ್ತದೆ. ಮುಚ್ಚಳ ತೆಗೆದಲ್ಲಿ ಪೆಟ್ರೋಲ್ ವಾಸನೆ ಬಂದರೆ ಟೆಸ್ಟ್ ಲ್ಯಾಂಪ್ ಹಚ್ಚಬೇಡಿ, ಕಿಡಿ ಹಾರುತ್ತದೆ.

ಕೀ ಆನ್ ಮಾಡಿದೊಡನೆ ಎರಡು ಮೂರು ಸೆಕೆಂಡು ಪಂಪ್ ಗುಂಯ್ ಎನ್ನಬೇಕು. ನಿಂತಾಗ ಆ ಸದ್ದೂ ಇಲ್ಲದಿದ್ದರೆ ಪಂಪ್ ರಿಲೇಯನ್ನು ಅದೇ ನಂಬರಿನ ಹಾರ್ನ್ ರಿಲೇ ಜೊತೆ ಅದಲು ಬದಲು ಮಾಡಿ ನೋಡಿ. ಸದ್ದಿದ್ದು, ಸೆಲ್ಫ್ ಹೊಡೆಯುವಾಗ ಮಾತ್ರ ಪಂಪ್ ಸುಮ್ಮನಿದ್ದರೆ ಕ್ರ್ಯಾಂಕ್ ಸಿಗ್ನಲ್ ಇಲ್ಲ. ಅಂಥ ಗಾಡಿಗೆ ಎಷ್ಟು ಪಂಪ್ ಹಾಕಿದರೂ ಹಣ ಹೋಗುವುದೊಂದೇ ಫಲ. ಇನ್ನು, ಯಾವಾಗಲೂ ರಿಸರ್ವಿನಲ್ಲೇ ಓಡಿಸುತ್ತಿದ್ದರೆ ಅದನ್ನು ಬಿಡಿ. ಪಂಪಿಗೆ ತಂಪು ಕೊಡುವುದು ಪೆಟ್ರೋಲೇ.

2018ರಿಂದ 2020ರ ನಡುವೆ ತಯಾರಾದ ಗಾಡಿಯಾದರೆ ರಿಕಾಲ್ ಇದೆಯೇ ಎಂದೂ ನೋಡಿ. 2020ರ ಜುಲೈನಲ್ಲಿ ಮಾರುತಿ 1,34,885 ವ್ಯಾಗನ್‌ಆರ್, ಬಲೆನೊ ಕಾರುಗಳನ್ನೂ, 2021ರ ಏಪ್ರಿಲ್‌ನಲ್ಲಿ ಹೋಂಡಾ 77,954 ಕಾರುಗಳನ್ನೂ ಫ್ಯೂಯಲ್ ಪಂಪ್ ತಪಾಸಣೆಗೆ ಕರೆದಿದ್ದವು. ಕಂಪನಿಯ ವೆಬ್‌ಸೈಟಿನಲ್ಲಿ ಚಾಸಿ ನಂಬರ್ ಹಾಕಿದರೆ ತಿಳಿಯುತ್ತದೆ. ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ಪತ್ರ ಬಂದಿರುವುದಿಲ್ಲ, ಅವರೇ ಹುಡುಕಬೇಕು.

ಪ್ರಶ್ನೆ: ಮಳೆಗಾಲದಲ್ಲಿ ಮಾತ್ರ ನಿಲ್ಲುತ್ತದೆ. ಬಾನೆಟ್ ಒಳಗೆ ಇಲಿ ಹಿಕ್ಕೆಯೂ ಕಂಡಿತು. ಎಂಜಿನ್ ತೊಳೆಸಿದ ಮೇಲೆ ಇನ್ನೂ ಜಾಸ್ತಿಯಾಗಿದೆ.
— ಕುಂದಾಪುರದ ಓದುಗರು

ಉತ್ತರ: ಪ್ರೆಷರ್ ವಾಶರ್ ಎಂಜಿನ್ನಿಗೆ ಹೊಡೆಸಲೇಬಾರದು. ಮಳೆ ನೀರು ತಲುಪದ ಕಪ್ಲರಿಗೂ ಅದು ನೀರು ನುಗ್ಗಿಸುತ್ತದೆ.

ಮುಂದಿನ ಗಾಜಿನ ಕೆಳಗೆ, ವೈಪರಿನ ಬುಡದ ತಟ್ಟೆಯಲ್ಲಿ ಎಲೆ ಕಟ್ಟಿಕೊಂಡು ನೀರು ಹೋಗುವ ತೂತು ಮುಚ್ಚಿದೆಯೇ ನೋಡಿ. ಅಲ್ಲಿ ನಿಂತ ನೀರು ಕೆಲವು ಗಾಡಿಗಳಲ್ಲಿ ಫ್ಯೂಸ್ ಬಾಕ್ಸಿಗೆ, ಇನ್ನು ಕೆಲವದರಲ್ಲಿ ಒಳಗಿನ ವೈರಿಂಗಿಗೆ ಇಳಿಯುತ್ತದೆ. ಫ್ಯೂಸ್, ರಿಲೇಗಳನ್ನು ಕಳಚಿ ಕಾಲುಗಳಲ್ಲಿ ಹಸಿರು ಕಿಲುಬಿದೆಯೇ ಪರೀಕ್ಷಿಸಿ. ಕಡಲ ಗಾಳಿಯ ಊರಿನಲ್ಲಿ ಇದು ಬೇಗ ಹಿಡಿಯುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಎಂದೇ ಬರೆದ ಸ್ಪ್ರೇ ಬಳಸಿ, ಪೂರ್ತಿ ಆರಿದ ಮೇಲೆ ಜೋಡಿಸಿ. ಕಪ್ಲರಿನ ರಬ್ಬರ್ ಸೀಲಿಗೆ ಡೈಎಲೆಕ್ಟ್ರಿಕ್ ಗ್ರೀಸ್ ತೆಳ್ಳಗೆ ಸವರಿದರೆ ಸಾಕು. ಸೀಲ್ ಹರಿದಿದ್ದರೆ ಗ್ರೀಸ್ ಮೆತ್ತಿ ಪ್ರಯೋಜನವಿಲ್ಲ.

ದೋಷ ಹಿಡಿಯಲು ಗಿಡಕ್ಕೆ ಹೊಡೆಯುವ ಕೈ ಸ್ಪ್ರೇಯರ್ ತನ್ನಿ. ಐಡಲಿನಲ್ಲಿ ಬಿಟ್ಟು ಒಂದೊಂದೇ ಕಪ್ಲರಿನ ಮೇಲೆ ಮಂಜಿನಂತೆ ಹನಿಸಿ, ಪ್ರತಿಯೊಂದಕ್ಕೂ ಒಂದು ನಿಮಿಷ ಕೊಡಿ. ಫ್ಯಾನ್, ಬೆಲ್ಟಿನಿಂದ ಕೈ ದೂರವಿರಲಿ.

ಇಲಿಗೆ ಇಷ್ಟವಾದ ಜಾಗ ಇನ್‌ಟೇಕ್ ಮ್ಯಾನಿಫೋಲ್ಡಿನ ಅಡಿ ಮತ್ತು ಇಂಜೆಕ್ಟರ್ ವೈರಿನ ಗುಂಪು, ಬೆಚ್ಚಗಿರುತ್ತದೆಂದು. ಅರ್ಧ ಕಡಿದ ವೈರು ಒಣಗಿದ್ದಾಗ ಕೆಲಸ ಮಾಡಿ, ತೇವಕ್ಕೆ ಶಾರ್ಟ್ ಆಗುತ್ತದೆ. ತಿರುಚಿ ಟೇಪ್ ಸುತ್ತುವುದು ರಿಪೇರಿಯಲ್ಲ. ಅದೇ ದಪ್ಪದ ವೈರ್ ಹಾಕಿ, ಬೆಸೆದು ಅಥವಾ ಸರಿಯಾದ ಸಾಧನದಲ್ಲಿ ಕ್ರಿಂಪ್ ಮಾಡಿ, ಒಳಗೆ ಅಂಟಿರುವ ಹೀಟ್ ಶ್ರಿಂಕ್ ಕೊಳವೆ ಹಾಕಬೇಕು. ಪಕ್ಕ ಪಕ್ಕದ ವೈರುಗಳ ಜೋಡಣೆ ಒಂದೇ ಜಾಗದಲ್ಲಿ ಬೀಳದಂತೆ ಹಿಂದೆ ಮುಂದೆ ಮಾಡಿ. ಒಂದಕ್ಕೊಂದು ಹೆಣೆದ ಎರಡು ವೈರು ಕಡಿದಿದ್ದರೆ ಅವು ಕ್ಯಾನ್ ಲೈನ್ (ಕಾರಿನ ಕಂಪ್ಯೂಟರುಗಳು ಮಾತಾಡಿಕೊಳ್ಳುವ ವೈರು) ಇರಬಹುದು, ಮತ್ತೆ ಹೆಣೆದೇ ಜೋಡಿಸಿ. ಬ್ಯಾಟರಿ ಬಿಚ್ಚಿ, ಸ್ಕ್ಯಾನರ್ ಚುಚ್ಚುವ ಓಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್ನಿನ ನಡುವೆ ಅಳೆದರೆ ಹೆಚ್ಚಿನ ಕಾರುಗಳಲ್ಲಿ ಸುಮಾರು 60 ಓಮ್ ಬರುತ್ತದೆ. ಅಂಥದರಲ್ಲಿ 120 ಬಂದರೆ ಎಲ್ಲೋ ಒಂದು ಕಡೆ ಲೈನ್ ತುಂಡಾಗಿದೆ.

ಪ್ರಶ್ನೆ: ಟ್ಯಾಕ್ಸಿ ಓಡಿಸುತ್ತೇನೆ. ಹೊರಗೆ ಹಾಕಿಸಿದ ಸಿಎನ್‌ಜಿ ಕಿಟ್ ಇದೆ, ಸಾಲ ಕೊಟ್ಟವರು ಜಿಪಿಎಸ್ ಹಾಕಿದ್ದಾರೆ. ಸಿಗ್ನಲ್ಲಿನಲ್ಲಿ ನಿಂತಾಗ ಆಫ್ ಆಗುತ್ತದೆ. ಕಿಟ್‌ನವರು ಗಾಡಿಯ ದೋಷ ಎನ್ನುತ್ತಾರೆ, ಗ್ಯಾರೇಜಿನವರು ಕಿಟ್ ದೋಷ ಎನ್ನುತ್ತಾರೆ.
— ಬೆಂಗಳೂರಿನ ಚಾಲಕರು

ಉತ್ತರ: ಜಗಳ ಬಗೆಹರಿಸುವುದು ಸುಲಭ: ಒಂದು ವಾರ ಬರೀ ಪೆಟ್ರೋಲಿನಲ್ಲಿ ಓಡಿಸಿ. ನಿಲ್ಲದಿದ್ದರೆ ಗ್ಯಾಸ್ ಕಡೆ ನೋಡಿ. ಪೆಟ್ರೋಲಿನಲ್ಲೂ ನಿಂತರೆ ಕಿಟ್ ತಪ್ಪಿಸಿಕೊಂಡಿತು ಎಂದು ಮಾತ್ರ ತಿಳಿಯಬೇಡಿ. ಸೀಕ್ವೆನ್ಷಿಯಲ್ ಕಿಟ್ ಹಾಕುವಾಗ ಪೆಟ್ರೋಲ್ ಇಂಜೆಕ್ಟರಿನ ವೈರುಗಳನ್ನು ಕತ್ತರಿಸಿ ಕಿಟ್ಟಿನ ಇಸಿಯು (ಅದರದೇ ಕಂಪ್ಯೂಟರ್) ಮೂಲಕ ಹಾಯಿಸುತ್ತಾರೆ. ಆ ಜೋಡಣೆಗಳು ಸಡಿಲವಾದರೆ ಯಾವ ಇಂಧನವಾದರೂ ನಿಲ್ಲುತ್ತದೆ. ಕಿಟ್ ಹಾಕಿದವರ ಹತ್ತಿರವೇ ಇಂಜೆಕ್ಟರ್ ವೈರುಗಳನ್ನು ತಾತ್ಕಾಲಿಕವಾಗಿ ಮೊದಲಿನಂತೆ ನೇರ ಜೋಡಿಸಿ ನೋಡಿ. ಕಿಟ್ಟಿನ ಅರ್ತ್ ಎಲ್ಲಿ ಕೊಟ್ಟಿದ್ದಾರೆ ಎಂದೂ ಕೇಳಿ. ಬಣ್ಣ ಬಳಿದ ತಗಡಿಗೆ ಸ್ಕ್ರೂ ಹೊಡೆದಿದ್ದರೆ ಅದನ್ನು ಬ್ಯಾಟರಿ ಮೈನಸ್ಸಿಗೇ ಒಯ್ಯಿರಿ. ಸಿಗ್ನಲ್ಲಿನಲ್ಲಿ ಮಾತ್ರ, ಆರ್‌ಪಿಎಂ ನಿಧಾನ ಕುಸಿಯುತ್ತ ಆಫ್ ಆಗುವುದಾದರೆ ಅದು ಎಲೆಕ್ಟ್ರಿಕಲ್ ಆಗಿರದೆ ಥ್ರಾಟಲ್ ಬಾಡಿಯ ಮಸಿ ಅಥವಾ ಗ್ಯಾಸ್ ಟ್ಯೂನಿಂಗ್ ಆಗಿರುವ ಸಂಭವವೇ ಹೆಚ್ಚು.

ಜಿಪಿಎಸ್ ಜೊತೆ ಎಂಜಿನ್ ಕತ್ತರಿಸುವ ರಿಲೇ ಹಾಕಿದ್ದಾರೆಯೇ ಕೇಳಿ. ಗಾಡಿ ಎಲ್ಲಿದೆ ಎಂದು ತಿಳಿಯಲು ಆ ರಿಲೇ ಬೇಕಾಗಿಲ್ಲ, ಕಂತು ತಪ್ಪಿದರೆ ನಿಲ್ಲಿಸಲು ಹಾಕುತ್ತಾರೆ. ಇಗ್ನಿಷನ್ ಅಥವಾ ಪಂಪಿನ ವೈರ್ ಕತ್ತರಿಸಿ ನಡುವೆ ಕೂರಿಸಿದ ಅಗ್ಗದ ರಿಲೇ ಓಡುವಾಗ ಬಿಟ್ಟರೆ ಜೀವಕ್ಕೆ ಅಪಾಯ. ನೀವೇ ಕೀಳಬೇಡಿ, ಒಪ್ಪಂದದ ತಕರಾರಾದೀತು. ದೋಷವನ್ನು ಬರವಣಿಗೆಯಲ್ಲಿ ಕೊಟ್ಟು ಹಾಕಿದವರಿಂದಲೇ ಬದಲಿಸಿ.

ಪ್ರಶ್ನೆ: ತೋಟದ ಕೆಲಸಕ್ಕೆ ಹಳೇ ಡೀಸೆಲ್ ಜೀಪಿದೆ. ಡೀಸೆಲ್ ಗಾಡಿಗೂ ಕರೆಂಟಿನ ತೊಂದರೆಯಿಂದ ನಿಲ್ಲುವುದುಂಟೇ?
— ಮೂಡಿಗೆರೆಯ ಓದುಗರು

ಉತ್ತರ: ಉಂಟು, ಆದರೆ ಹಳೆಯ ಮೆಕ್ಯಾನಿಕಲ್ ಪಂಪಿನ ಗಾಡಿಯಲ್ಲಿ ಒಂದೇ ವೈರಿನಿಂದ: ಇಂಜೆಕ್ಷನ್ ಪಂಪಿನ ಮೇಲೆ ಸ್ಟಾಪ್ ಸೊಲೆನಾಯ್ಡ್ ಇದ್ದರೆ ಅದರ 12 ವೋಲ್ಟ್ ವೈರು. ಅದು ತಪ್ಪಿದರೆ ಡೀಸೆಲ್ ಬಂದ್. ಕೀ ಆನ್ ಮಾಡಿದಾಗ ಟಕ್ ಎನ್ನಬೇಕು. ತುದಿಯ ನಟ್ ಸಡಿಲವಿದೆಯೇ, ವೈರು ಬಗ್ಗಿದ ಜಾಗದಲ್ಲಿ ಮುರಿದಿದೆಯೇ ನೋಡಿ. ಕೇಬಲ್ ಎಳೆದು ನಿಲ್ಲಿಸುವ ಜೀಪಾದರೆ ಅದೂ ಇಲ್ಲ, ಗಾಳಿ ಎಳೆಯುತ್ತಿದೆಯೇ, ಡೀಸೆಲ್ ಫಿಲ್ಟರ್ ಕಟ್ಟಿದೆಯೇ ನೋಡಿ. ಕಂಪ್ಯೂಟರ್ ನಡೆಸುವ ಕಾಮನ್ ರೇಲ್ ಡೀಸೆಲ್ ಗಾಡಿಗಳ ಸಂಗತಿ ಬೇರೆ, ಮೇಲಿನ ಪೆಟ್ರೋಲ್ ಗಾಡಿಯ ಮಾತೆಲ್ಲ ಬಹುಪಾಲು ಅವಕ್ಕೂ ಸಲ್ಲುತ್ತದೆ. ಜೊತೆಗೆ ರೇಲ್ ಪ್ರೆಷರ್ ಸೆನ್ಸರಿನ ಕಪ್ಲರನ್ನು ಪಟ್ಟಿಗೆ ಸೇರಿಸಿ.

ಪ್ರಶ್ನೆ: ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡಿದ್ದೇನೆ. ಎಕ್ಸಲರೇಟರ್ ಒತ್ತಿದಾಗ ಒಮ್ಮೊಮ್ಮೆ ಸ್ವಿಚ್ ಆರಿಸಿದಂತೆ ನಿಲ್ಲುತ್ತದೆ. ಪಾಯಿಂಟ್, ಕಂಡೆನ್ಸರ್, ಕಾಯಿಲ್ ಎಲ್ಲ ಹೊಸದು.
— ಮೈಸೂರಿನ ಓದುಗರು

ಉತ್ತರ: ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು, ಹೊರಗಿನ ಟರ್ಮಿನಲ್ಲಿನಿಂದ ಪಾಯಿಂಟಿಗೆ (ಕಿಡಿಗಾಗಿ ಕರೆಂಟನ್ನು ಕಡಿದು ಜೋಡಿಸುವ ಭಾಗ) ಹೋಗುವ ಪುಟ್ಟ ವೈರ್ ನೋಡಿ. ವ್ಯಾಕ್ಯೂಮ್ ಅಡ್ವಾನ್ಸ್ ಇರುವ ಡಿಸ್ಟ್ರಿಬ್ಯೂಟರಿನಲ್ಲಿ ಪಾಯಿಂಟ್ ಕೂತ ತಟ್ಟೆ ಎಕ್ಸಲರೇಟರಿಗೆ ತಕ್ಕಂತೆ ತಿರುಗುತ್ತದೆ, ಜೊತೆಗೆ ಆ ವೈರೂ ಬಾಗುತ್ತದೆ. ಕಾಲಾಂತರದಲ್ಲಿ ಹೊರಪದರ ಹಾಗೇ ಇದ್ದು ಒಳಗಿನ ಎಳೆಗಳು ತುಂಡಾಗುತ್ತವೆ. ಐಡಲಿನಲ್ಲಿ ತುದಿಗಳು ತಾಗಿರುತ್ತವೆ, ಒತ್ತಿದಾಗ ಬಿಡುತ್ತವೆ. ವೈರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಮುರಿದಲ್ಲಿ ರಬ್ಬರಿನಂತೆ ಹಿಗ್ಗುತ್ತದೆ. ವ್ಯಾಕ್ಯೂಮ್ ಅಡ್ವಾನ್ಸ್ ಇಲ್ಲದ ಡಿಸ್ಟ್ರಿಬ್ಯೂಟರಾದರೂ ಇದೇ ವೈರು, ಅದರ ಟರ್ಮಿನಲ್ಲಿನ ಇನ್ಸುಲೇಟರ್ ಎರಡನ್ನೂ ಮೊದಲು ನೋಡಿ. ಬದಲಿಗೆ ಹಾಕುವ ವೈರು ಸಣ್ಣ ಎಳೆಗಳ ಮೆತ್ತನೆಯದಾಗಿರಲಿ, ಮನೆ ವೈರಿಂಗಿನ ಗಟ್ಟಿ ವೈರ್ ಹಾಕಿದರೆ ಕೆಲವೇ ದಿನಕ್ಕೆ ಮತ್ತೆ ಮುರಿಯುತ್ತದೆ. ತಟ್ಟೆ ಪೂರ್ತಿ ತಿರುಗಿದಾಗಲೂ ಎಳೆಯದಷ್ಟು ಉದ್ದ ಬಿಡಿ, ಆದರೆ ಕ್ಯಾಮಿಗೆ ಉಜ್ಜುವಷ್ಟು ಬೇಡ. ಕಂಡೆನ್ಸರ್ ಹೊಸದೆಂದು ನಂಬಿ ಕೂರದೆ ಕೆಪಾಸಿಟೆನ್ಸ್ ರೇಂಜ್ ಇರುವ ಮೀಟರಿನಲ್ಲಿ ಅದನ್ನೂ ಒಮ್ಮೆ ಅಳೆಯಿರಿ. ಸುಮಾರು 0.2ರಿಂದ 0.25 ಮೈಕ್ರೋಫ್ಯಾರಡ್ ಇರಬೇಕು.